ಅರ್ಧ ಇಂಚಿಗೆ ಹೊಂದುವ ಕೆಂಪು

ಗ್ಯಾರೇಜಿನಲ್ಲಿ ಬಾಯಿ ಮುಚ್ಚಿಕೊಂಡು ನಿಂತರೂ ನಗೆಪಾಟಲಾಗುವುದು ತಪ್ಪುವುದಿಲ್ಲ. ನಾನು ಹೆಚ್ಚು ಮಾತಾಡುವವನಲ್ಲ. ಆದರೂ ವಡೋದರಾಕ್ಕೆ ವರ್ಗವಾಗಿ ಬಂದ ಮೇಲೆ ಹೀಗಾಗುತ್ತಲೇ ಇದೆ.

ಹದಿಮೂರು

ನನ್ನದೊಂದು ಹಳೆಯ ಜೀಪು. ವಾಟರ್ ಪಂಪ್ ಸೋರಿ ತಿಂಗಳಿಂದ ನಿಂತಿತ್ತು.

“ಭಾನುವಾರದೊಳಗೆ ಹೊರಡಲಿಲ್ಲ ಅಂದ್ರೆ ಗುಜರಿಯವನಿಗೆ ಫೋನ್ ಮಾಡ್ತೀನಿ,” ಎಂದಳು ಹೆಂಡತಿ.

ಪುಸ್ತಕ ಓದಿ, ಹೊಸ ಮಿಲಿಮೀಟರ್ ಸ್ಪ್ಯಾನರ್ ಸೆಟ್ ತಂದೆ. ಪಂಪಿನ ಬೋಲ್ಟು ಅರ್ಧ ಇಂಚಿನದು, ಅಂದರೆ ಹದಿಮೂರು ಮಿಲಿಮೀಟರಿಗೆ ಕೂದಲೆಳೆಯಷ್ಟು ಕಡಿಮೆ. ಹದಿಮೂರರ ಸ್ಪ್ಯಾನರ್ ಸುಮಾರಾಗಿ ಕೂತಿತು. ಜೋರಾಗಿ ಎಳೆದೆ. ಸ್ಪ್ಯಾನರ್ ತಿರುಗಿತು, ಬೋಲ್ಟು ತಿರುಗಲಿಲ್ಲ. ಅದರ ಮೂಲೆಗಳೆಲ್ಲ ಸವೆದು ಗುಂಡಗಾದವು.

ಜೀಪನ್ನು ಮಂಜಲ್‌ಪುರದ ಗ್ಯಾರೇಜಿಗೆ ಎಳೆಸಿಕೊಂಡು ಹೋದೆ. ಅಲ್ಲಿನ ಹಿರಿಯ ಮೆಕ್ಯಾನಿಕ್‌ಗೆ ಎಲ್ಲರೂ ಕಾಕಾ ಎನ್ನುತ್ತಾರೆ. ಬೋಲ್ಟು ನೋಡಿ ಕೇಳಿದರು, “ಯಾವ ಪುಣ್ಯಾತ್ಮ ಕೈ ಹಾಕಿದ್ದು?”

“ಗೊತ್ತಿಲ್ಲ.”

“ಸರಿ ಸಾಹೇಬ್. ನೀವು ಮೊದಲು ಕೈಯ ಗ್ರೀಸ್ ತೊಳ್ಕೊಳ್ಳಿ.”

ಹೆಬ್ಬೆರಳು

ಕಾಕಾ ಅವರ ಸ್ಪ್ಯಾನರ್‌ಗಳ ಮೇಲಿನ ನಂಬರುಗಳು ಎಂದೋ ಅಳಿಸಿಹೋಗಿವೆ. ಅವರಿಗೆ ಅವು ಬೇಕೂ ಇಲ್ಲ. ಜೀಪಿನ ಹಿಂದಿನ ಮಾಲೀಕರು ಕೈಗೆ ಸಿಕ್ಕಿದ ಬೋಲ್ಟು ಹಾಕಿಸಿದ್ದರು. ಕಾಕಾ ಹೆಬ್ಬೆರಳಲ್ಲಿ ಸವರುತ್ತ ಹೋದರು: “ಇಂಚು. ಎಂಎಂ. ಇಂಚು.”

ನಾನು ಜೇಬಿನ ಕ್ಯಾಲಿಪರ್ ತೆಗೆದು, ಅವರ ಬೆನ್ನ ಹಿಂದೆ ಒಂದೊಂದನ್ನೂ ಅಳೆದೆ. ಒಂದೂ ತಪ್ಪಿರಲಿಲ್ಲ. ನನ್ನ ಕಪಾಟಿನ ಯಾವ ಪುಸ್ತಕದಲ್ಲೂ ಆ ಹೆಬ್ಬೆರಳಿಲ್ಲ.

ನಾಲ್ಕನೆಯದರ ಮೇಲೆ ಬೆರಳು ನಿಂತಿತು.

“ಇದು ಇಂಚೂ ಅಲ್ಲ, ಎಂಎಮ್ಮೂ ಅಲ್ಲ. ಇದು ನಿಮ್ಮದು.”

ಕೆಂಪು

ಆ ಬೋಲ್ಟಿಗೆ ಬಿಗಿಯಾದ ಸಾಕೆಟ್ ಒಂದನ್ನು ಬಡಿದು ಕೂರಿಸಿ, ಉಸಿರು ಹಿಡಿದು, ಮುರಿಯದೆ ಬಿಚ್ಚಿದರು. ಪಂಪು ಸರಿಯಾಯಿತು.

“ಇಂಚಿನ ಬೋಲ್ಟುಗಳಿಗೆಲ್ಲ ಕೆಂಪು ನೈಲ್ ಪಾಲಿಶ್ ಹಚ್ಚಿಡಿ. ಮತ್ತೊಬ್ಬ ಪುಣ್ಯಾತ್ಮ ಬಂದರೆ ಗೊತ್ತಾಗಲಿ.”

ಕೊಳ್ಳಲು ಹೋದಾಗ ಅಂಗಡಿಯ ಹುಡುಗಿ ಕೇಳಿದಳು, “ಯಾವುದಕ್ಕೆ ಮ್ಯಾಚ್ ಆಗಬೇಕು ಅಂಕಲ್?”

“ಅರ್ಧ ಇಂಚಿಗೆ,” ಎಂದೆ.

ಭಾನುವಾರ ಬೆಳಿಗ್ಗೆ ಜೀಪು ಮೊದಲ ಸಲಕ್ಕೇ ಶುರುವಾಯಿತು. ಹೆಂಡತಿ ಬಾನೆಟ್ ಎತ್ತಿಸಿ, ನಾನು ಕೆಂಪು ಹಚ್ಚಿದ್ದ ಬೋಲ್ಟುಗಳನ್ನು ನೋಡಿದಳು.

“ಮದುವೆಯಾಗಿ ಇಪ್ಪತ್ತು ವರ್ಷ. ನನಗೆ ಅಂತ ಒಂದು ನೈಲ್ ಪಾಲಿಶ್ ತಂದವರಲ್ಲ. ಮಿಕ್ಕಿದ್ದು ಕೊಡಿ ಇಲ್ಲಿ.”

ಹಚ್ಚಿಕೊಂಡೇ ಜೀಪು ಹತ್ತಿದಳು. ಗುಜರಿಯವನ ಮಾತು ಮತ್ತೆ ಬರಲಿಲ್ಲ.

ದಾರಿಯಲ್ಲಿ ಕಾಕಾಗೆ ಕೈಮುಗಿದು ಹೋಗೋಣವೆಂದು ನಿಲ್ಲಿಸಿದೆ. ಅವರು ಅವಳ ಕೆಂಪು ಉಗುರು ನೋಡಿದರು, ನನ್ನನ್ನು ನೋಡಿದರು.

“ಸಾಹೇಬ್, ಇವರೂ ಇಂಚೇ. ಹದಿಮೂರು ಹಾಕೋಕೆ ಹೋಗಬೇಡಿ.”