ವೈರಿದ್ದದ್ದೋ, ವೈರಿಲ್ಲದ್ದೋ

ಕುರ್ಚಿಗೆ ಗಾಲಿ ಹಾಕಬೇಕೆಂದು ಮೊದಲು ಯೋಚಿಸಿದ ಪುಣ್ಯಾತ್ಮ ಯಾರೋ, ಅವನಿಗೊಂದು ದೊಡ್ಡ ನಮಸ್ಕಾರ. ಆವತ್ತು ಬೆಳಿಗ್ಗೆ ನಮ್ಮ ಬೈಂಡರ ಒಂದು ಕೈಯಲ್ಲಿ ಟೀ ಲೋಟ ಹಿಡಿದು, ಕಂಪ್ಯೂಟರಿನ ಮುಂದಿದ್ದ ಕುರ್ಚಿಯನ್ನು ಕಾಲಿನಿಂದ ಎಳೆದುಕೊಂಡದ್ದಷ್ಟೆ. ಕೆಳಗೆ ಕಟಕ್ಕೆಂದು ಸದ್ದಾಯಿತು. ಬಗ್ಗಿ ನೋಡಿದರೆ ಹೆಡ್‌ಸೆಟ್ಟಿನ ವೈರು ಎರಡು ತುಂಡಾಗಿ ಬಿದ್ದಿತ್ತು.

"ಅಯ್ಯೋ, ಇವತ್ತೇ ಆಗಬೇಕಿತ್ತಾ!" ಎಂದು ಹಣೆ ಚಚ್ಚಿಕೊಂಡ. ಕೇಳುವುದಕ್ಕೆ ಕೋಣೆಯಲ್ಲಿ ಗೋಡೆ ಬಿಟ್ಟರೆ ಯಾರೂ ಇರಲಿಲ್ಲ.

ಬೈಂಡರ ಅಂದರೆ ಪ್ರೆಸ್ಸಿನಲ್ಲಿ ಪುಸ್ತಕಗಳಿಗೆ ರಟ್ಟು ಹಾಕುವವನು. ವಯಸ್ಸು ನಲವತ್ತು ದಾಟಿತ್ತು. ಮದುವೆ ಬೇಡವೆಂದು ಅವನೇನೂ ಹಟ ಹಿಡಿದವನಲ್ಲ. ಬೇಕಾ ಎಂದು ಯಾರೂ ಕೇಳಲಿಲ್ಲ, ಅಷ್ಟೆ. ಒಂದು ಕೋಣೆ, ಒಂದು ಒಲೆ, ಒಂದು ತಟ್ಟೆ, ಒಂದು ಲೋಟ. ಇದರ ನಡುವೆ ಅಕ್ಕನ ಮಗ ಬೇಡವೆಂದು ಬಿಟ್ಟುಕೊಟ್ಟ ಒಂದು ಕಂಪ್ಯೂಟರು, ಅದರ ಜೊತೆಗೇ ಬಂದ ಆ ಹಳೆಯ ಹೆಡ್‌ಸೆಟ್ಟು.

ಆ ಕಂಪ್ಯೂಟರಿನೊಳಗೆ ಒಂದು ಕೋಟೆ ಕಾಯುವ ಆಟ. ನಾಲ್ಕು ಜನ ಸೇರಿ ಆಡಬೇಕು. ಒಂದೂವರೆ ವರ್ಷದಿಂದ ಪ್ರತಿ ಸಂಜೆ ಆ ಕೋಟೆಯಲ್ಲಿ ಅವನಿಗೆ ಮೂವರು ಸಿಗುತ್ತಿದ್ದರು. ಒಬ್ಬಳು ಗುಬ್ಬಿ ಎಂಬ ಹೆಣ್ಣುಮಗಳು. ಇನ್ನೊಬ್ಬರು ಆಟದಲ್ಲಿ ಗಾಯಕ್ಕೆ ಮದ್ದು ಹಚ್ಚುವ ಡಾಕ್ಟ್ರು. ಮೂರನೆಯವನು ಹೆಸರಿಗೆ ಮಾತ್ರ ಪುಟಾಣಿಯಾಗಿದ್ದ, ಗುಡುಗಿನಂಥ ದನಿಯ ಒಬ್ಬ ಲಾರಿ ಡ್ರೈವರು. ಯಾರ ಮುಖವನ್ನೂ ಇವನು ಕಂಡವನಲ್ಲ. ಇವನೇ ಅವರ ನಾಯಕ. ನಕ್ಷೆಯ ಮೇಲೆ ಇವನು ಬಾವುಟ ನೆಟ್ಟ ಕಡೆ ಅವರು ನುಗ್ಗುವರು. ಇವನನ್ನು ಅವರು ಕರೆಯುತ್ತಿದ್ದುದು ಮೌನಿ ಅಣ್ಣ ಎಂದು.

ಆ ಹೆಸರೆಂದರೆ ಇವನಿಗೆ ಒಳಗೊಳಗೇ ನಗು. ಆನೆಯಂಥವನನ್ನು ಕಡ್ಡಿ ಎಂದು ಕರೆದು ಛೇಡಿಸುವುದಿಲ್ಲವೇ, ಹಾಗೆ. ಯಾಕೆಂದರೆ ಹೆಡ್‌ಸೆಟ್ಟು ತಲೆಗೇರಿತೆಂದರೆ ಇವನ ಬಾಯಿಗೆ ಬೀಗವಿಲ್ಲ. ಪ್ರೆಸ್ಸಿನ ಸುದ್ದಿ, ಮೊಣಕಾಲು ನೋವು, ನಲ್ಲಿ ಸೋರುವುದು, ಎಲ್ಲ ಹೇಳಲೇಬೇಕು. ಅವರು ಉತ್ತರ ಕೊಡುತ್ತಿದ್ದುದು ಕಡಿಮೆಯೇ. ಪರವಾಗಿಲ್ಲ, ಇವನ ಮಾತಿಗೆ ಉತ್ತರ ಕೊಡುವವರು ಲೋಕದಲ್ಲಿ ಎಲ್ಲಿದ್ದರು? ಆದರೆ ಆಟ ಶುರುವಾಗುವ ಮುನ್ನ ಗುಬ್ಬಿ ದಿನವೂ ಕೇಳುತ್ತಿದ್ದಳು: "ಅಣ್ಣಾ, ಊಟ ಆಯ್ತಾ?" ಆಟದಲ್ಲಿ ತನ್ನ ಬದಲು ಓಡಾಡುವ ಬೊಂಬೆ ತಲೆಯಾಡಿಸಲು ಒಂದು ಕೀಲಿ ಇದೆ. ಇವನು ಅದನ್ನೊತ್ತಿ, ಏನು ಬೇಯಿಸಿದೆ, ಎಷ್ಟು ಸೀದುಹೋಯಿತು ಎಂದೆಲ್ಲ ಬಾಯಲ್ಲಿ ವಿವರಿಸುವನು. "ಸರಿ ಮತ್ತೆ," ಎನ್ನುವಳು ಗುಬ್ಬಿ. ಆ ಎರಡು ಮಾತಿಗಾಗಿ ಬೈಂಡರ ಇಡೀ ದಿನ ಕಾಯುತ್ತಿದ್ದ.

ಇವತ್ತು ರಾತ್ರಿ ಎಂಟಕ್ಕೆ ಪಂದ್ಯಾವಳಿಯ ಕೊನೆಯ ಪಂದ್ಯ. ನಾಲ್ಕರಲ್ಲಿ ಒಬ್ಬರು ಬಾರದಿದ್ದರೆ ಆ ಜಾಗಕ್ಕೆ ಬೇರೆಯವರನ್ನು ಹಾಕಿಕೊಳ್ಳಬೇಕು. ನಿನ್ನೆ ಪುಟಾಣಿ ಹೇಳಿದ್ದ: "ಅಣ್ಣಾ, ನಾಳೆ ಮಾತ್ರ ತಪ್ಪಿಸ್ಬೇಡ. ನೀನಿಲ್ದೆ ಆಗಲ್ಲ." ನೀನಿಲ್ಲದೆ ಆಗಲ್ಲ! ಇವನಿಗೆ ಆ ಮಾತನ್ನು ಹೆತ್ತ ತಾಯಿಯೂ ಹೇಳಿರಲಿಲ್ಲ.

ಹಳೆಯದನ್ನು ಬೆಸೆಯುವಂತಿರಲಿಲ್ಲ. ತಂದ ಮೊದಲ ದಿನವೇ ಅದರ ಮೈಕಿನ ಕಡ್ಡಿ ಅಲ್ಲಾಡುತ್ತಿತ್ತೆಂದು, ಪುಸ್ತಕದ ಬೆನ್ನಿಗೆ ಹಾಕುವ ಬಟ್ಟೆ ಸುತ್ತಿ, ಎರಡು ಸಲ ಗೋಂದು ಬಳಿದು ಕಲ್ಲಿನಂತೆ ಕೂರಿಸಿದ್ದ. ರಟ್ಟು ಹರಿದರೂ ಅದು ಹರಿಯದು ಎಂಬ ಹೆಮ್ಮೆ ಬೇರೆ. ಈಗ ತುಂಡಾದ ವೈರಿನೊಳಗೆ ಕೂದಲೆಳೆಯಂಥ ತಂತಿಗಳು. ಗೋಂದಿಗೆ ಬಗ್ಗುವ ವಿಷಯವಲ್ಲ. ಹೊಸದೇ ಆಗಬೇಕು, ಪ್ರೆಸ್ಸಿನಿಂದ ಬರುತ್ತ ಕೊಳ್ಳೋಣ ಎಂದುಕೊಂಡು ಬಾಗಿಲು ಹಾಕಿ ಹೊರಟ.

ಮೆಟ್ಟಿಲಲ್ಲಿ ಪಕ್ಕದ ಮನೆಯ ಹೆಡ್‌ಮೇಷ್ಟ್ರು ಸಿಕ್ಕರು. ನಿವೃತ್ತರಾದ ಮೇಲೆ ಅವರಿಗೆ ಶಾಲೆಯಿರಲಿಲ್ಲ, ಹಾಗಾಗಿ ಕಟ್ಟಡದವರೆಲ್ಲ ವಿದ್ಯಾರ್ಥಿಗಳೇ.

"ಏನಯ್ಯಾ, ಮುಖ ಯಾಕೆ ಹೀಗಿದೆ?"

"ಹೆಡ್‌ಸೆಟ್ಟು ಹೋಯ್ತು ಸಾರ್. ಹೊಸದು ತಗೋಬೇಕು. ವೈರಿರೋದು ತಗೊಳ್ಳಾ, ಇಲ್ಲಾ..."

"ವೈರಿರೋದೇ ತಗೋ! ದಾರ ಇದ್ರೆ ಗಾಳಿಪಟ, ದಾರ ಕಿತ್ರೆ ಬರೀ ಕಾಗದ. ಅಲ್ಲಯ್ಯಾ, ನೀನು ದಿನಾ ಸಂಜೆ ಒಬ್ನೇ ಮಾತಾಡ್ತಿರ್ತೀಯಲ್ಲ, ಗೋಡೆ ಆಚೆ ನಮಗೆ ಕೇಳಿಸುತ್ತೆ. ಮಾತು ಬೆಳ್ಳಿ, ಮೌನ ಬಂಗಾರ. ಗೊತ್ತಿದೆ ತಾನೇ?"

"ಒಬ್ನೇ ಅಲ್ಲ ಸಾರ್, ಆ ಕಡೆ ಮೂರು ಜನ..."

"ಸಾಯಂಕಾಲ ನಾನೇ ಬರ್ತೀನಿ ಅಂಗಡಿಗೆ. ನಿನಗೆ ಗೊತ್ತಾಗಲ್ಲ," ಎಂದು ಮೇಷ್ಟ್ರು ಹಾಲಿನ ಚೀಲ ತೂಗಾಡಿಸುತ್ತ ಮೇಲೆ ಹೋದರು.

ಪ್ರೆಸ್ಸಿನಲ್ಲಿ ಕತೆ ಇನ್ನೂ ಬೆಳೆಯಿತು. ಅಲ್ಲಿ ಕಾಗದ ಮಡಚುವ ಯಂತ್ರದ ಸದ್ದಿಗೆ ಎಲ್ಲರೂ ಕಿರುಚಿಯೇ ಮಾತಾಡಬೇಕು. ಬೈಂಡರನ ದನಿಯೋ, ಒದ್ದೆ ಕಾಗದ ಹರಿದ ಹಾಗೆ. ಅವನು ಮೆಷಿನ್‌ಮ್ಯಾನ್ ಕಿವಿಗೆ ಬಾಯಿಟ್ಟು ವಿಷಯ ಹೇಳಿದ.

"ವೈರಿಲ್ಲದ್ದು ತಗೋ ಮಾರಾಯಾ!" ಎಂದು ಮೆಷಿನ್‌ಮ್ಯಾನ್ ಇಡೀ ಪ್ರೆಸ್ಸಿಗೆ ಕೇಳುವಂತೆ ಕೂಗಿದ. "ಕುರ್ಚಿ ಗಾಲಿಗೆ ಸಿಗಲ್ಲ, ಕಾಲಿಗೆ ತೊಡರಲ್ಲ. ಅಡುಗೆ ಮಾಡ್ತಾ ಯುದ್ಧ ಮಾಡ್ಬಹುದು!"

"ಅಯ್ಯೋ ಬೇಡಿ!" ಪುಟ ವಿನ್ಯಾಸ ಮಾಡುವ ಹುಡುಗಿ ಕಂಪ್ಯೂಟರು ಬಿಟ್ಟು ಓಡಿಬಂದಳು. "ವೈರಿಲ್ಲದ್ದರಲ್ಲಿ ಸದ್ದು ತಡವಾಗಿ ಬರುತ್ತೆ. ಶತ್ರು ಗುಂಡು ಹೊಡೆದು, ಮನೆಗೆ ಹೋಗಿ ಕೈಕಾಲು ತೊಳ್ಕೊಂಡ ಮೇಲೆ ನಿಮಗೆ ಢಂ ಅಂತ ಕೇಳ್ಸುತ್ತೆ!"

"ಅದು ಹಳೇ ಕಾಲದ್ದು ಕಣಮ್ಮಾ. ಈಗಿನದು ಹಾಗಿಲ್ಲ."

"ಚಾರ್ಜು? ಯುದ್ಧದ ಮಧ್ಯೆ ಸತ್ರೆ?"

"ಮೈಕು ಚೆನ್ನಾಗಿರೋದು ಯಾವುದು ಅಂತ..." ಎಂದು ಬೈಂಡರ ಬಾಯಿ ತೆರೆದ. ಯಾರೂ ಕೇಳಲಿಲ್ಲ. ಅಷ್ಟರಲ್ಲಿ ಪ್ರೆಸ್ಸು ಎರಡು ಪಕ್ಷವಾಗಿತ್ತು. ವೈರಿನವರು ಕಿಟಕಿಯ ಕಡೆ, ವೈರಿಲ್ಲದವರು ಬಾಗಿಲ ಕಡೆ. ಇಬ್ಬರಿಗೂ ಹೌದು ಹೌದು ಎಂದು ತಲೆಯಾಡಿಸುತ್ತ ಬೈಂಡರ ರಟ್ಟು ಅಂಟಿಸುತ್ತ ಹೋದ.

ಸದ್ದು ಕೇಳಿ ಮಾಲೀಕರು ಬಂದರು. ಅಂಟಿಸಿ ಒಟ್ಟಿದ್ದ ಪುಸ್ತಕವೊಂದನ್ನು ಕೈಗೆತ್ತಿಕೊಂಡರು. ಈಜು ಕಲಿಸುವ ಪುಸ್ತಕ ಅದು. ಮುಖಪುಟದಲ್ಲಿ ಒಬ್ಬ ನಗುತ್ತ ಈಜುತ್ತಿರಬೇಕಿತ್ತು.

"ಏನಯ್ಯಾ ಇದು? ಇವನು ಕಾಲು ಮೇಲೆ ಮಾಡಿ ಮುಳುಗ್ತಾ ಇದಾನೆ!"

ಒಟ್ಟಿಲು ಪೂರ್ತಿ ಮುಳುಗುತ್ತಿತ್ತು. ಎಲ್ಲ ರಟ್ಟೂ ತಲೆಕೆಳಗು.

"ಸಾರ್, ಅವರೆಲ್ಲ ಸೇರಿ..." ಎಂದು ಬೈಂಡರ ತಿರುಗಿ ನೋಡಿದರೆ ಎರಡೂ ಪಕ್ಷದವರು ತಂತಮ್ಮ ಜಾಗದಲ್ಲಿ ಕೂತು ಬೆವರು ಸುರಿಸಿ ದುಡಿಯುತ್ತಿದ್ದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುವುದು ಸುಮ್ಮನೆ ಅಲ್ಲ. ರಟ್ಟುಗಳನ್ನೆಲ್ಲ ಬಿಡಿಸಿ ತಿರುಗಿ ಅಂಟಿಸುವಷ್ಟರಲ್ಲಿ ಊಟದ ಹೊತ್ತೂ ಹೋಯಿತು, ಟೀ ಹೊತ್ತೂ ಹೋಯಿತು. ಹೊರಬಂದಾಗ ಬೀದಿ ದೀಪಗಳು ಹತ್ತಿದ್ದವು.

ಅಂಗಡಿಯಲ್ಲಿ ಹೆಡ್‌ಮೇಷ್ಟ್ರು ಹೇಳಿದಂತೆ ಹಾಜರಿದ್ದರು. ಮೆಷಿನ್‌ಮ್ಯಾನ್ ಬೆನ್ನ ಹಿಂದೆಯೇ ಬಂದಿದ್ದ. ಗುರುತಿಲ್ಲದ ಇಬ್ಬರೂ ಎರಡೇ ನಿಮಿಷದಲ್ಲಿ ಜನ್ಮದ ವೈರಿಗಳಾದರು. ಅಂಗಡಿಯವನು ಪಾಪ, ಗಿರಾಕಿ ಇವರಿಬ್ಬರಲ್ಲಿ ಯಾರೆಂದು ತಿಳಿಯದೆ ಒಮ್ಮೆ ಮೇಷ್ಟ್ರಿಗೆ, ಒಮ್ಮೆ ಮೆಷಿನ್‌ಮ್ಯಾನ್‌ಗೆ ಡಬ್ಬಿ ತೋರಿಸಿದ.

"ಗಿರಾಕಿ ನಾನು," ಎಂದ ಬೈಂಡರ.

"ಓ, ನೀವಾ? ಹಾಗಾದ್ರೆ ಇದು ನೋಡಿ. ವೈರಿರೋದು. ಮೈಕಿಲ್ಲ, ಬರೀ ಕೇಳಿಸ್ಕೊಳ್ಳೋಕೆ. ಅಗ್ಗ."

ಬೈಂಡರನಿಗೆ ರೇಗಿತು. "ಮೈಕಿಲ್ದೆ ಏನ್ ಮಾಡ್ಲಿ? ನಾನು ಮಾತಾಡದಿದ್ರೆ ನನ್ನ ತಂಡ ಮುಳುಗಿ ಹೋಗುತ್ತೆ!"

ಇಷ್ಟುದ್ದದ ಮಾತನ್ನು ಅವನು ತಡೆಯಿಲ್ಲದೆ ಮುಗಿಸಿದ್ದು ಆವತ್ತು ಅದೇ ಮೊದಲು. ಅಂಗಡಿಯವನು ಮೇಲಿನ ಗೂಡಿನಿಂದ ದೊಡ್ಡ ಡಬ್ಬಿ ಇಳಿಸಿದ.

"ಹಾಗಾದ್ರೆ ಇದೇ ನಿಮಗೆ. ವೈರಿಲ್ಲ. ಮೈಕು ಎಂಥದ್ದು ಅಂದ್ರೆ, ನೀವು ಪಿಸುಗುಟ್ಟಿದ್ರೂ ಆ ಕಡೆಯವರಿಗೆ ಕಿವಿಯಲ್ಲೇ ಕೂತು ಹೇಳ್ದಂಗಿರುತ್ತೆ. ಇಲ್ಲೊಂದು ಗುಂಡಿ ಇದೆ, ಒತ್ತಿದ್ರೆ ಮೈಕು ಬಂದ್."

"ಆ ಗುಂಡಿ ನನಗೆ ಬೇಕಾಗಲ್ಲ ಬಿಡಿ," ಎಂದು ಬೈಂಡರ ಅರ್ಧ ತಿಂಗಳ ಸಂಬಳ ಎಣಿಸಿಟ್ಟ. ಮೆಷಿನ್‌ಮ್ಯಾನ್ ಮೀಸೆ ತಿರುವಿದ. ಮೇಷ್ಟ್ರು, "ನಾಳೆ ಅಳ್ತಾ ನನ್ನ ಹತ್ರ ಬರ್ಬೇಡ," ಎಂದು ಕೊಡೆ ಊರಿಕೊಂಡು ಹೋದರು.

ಮನೆಗೆ ಬಂದವನೇ ಹೆಡ್‌ಸೆಟ್ಟನ್ನು ಚಾರ್ಜಿಗೆ ಹಾಕಿ, ಅದರ ಮುಂದೆಯೇ ಕೂತ. ಹೊಟ್ಟೆ ಚುರುಗುಟ್ಟುತ್ತಿತ್ತು. ಬ್ರೆಡ್ಡು ತರಲು ಕೆಳಗಿಳಿದರೆ ಎಲ್ಲಿ ತಡವಾಗುವುದೋ ಎಂದು ನೀರು ಕುಡಿದ. ಎಂಟಕ್ಕೆ ಸರಿಯಾಗಿ ಅದನ್ನು ತಲೆಗೇರಿಸಿ ಕೋಟೆಯೊಳಗೆ ಕಾಲಿಟ್ಟ. ಅಬ್ಬಾ, ಏನು ಸ್ಪಷ್ಟ! ಡಾಕ್ಟ್ರು ಟೀ ಹೀರುವುದೂ ಕೇಳುತ್ತಿತ್ತು.

"ಮೌನಿ ಅಣ್ಣ ಬಂದ!" ಗುಬ್ಬಿಯ ದನಿ. "ಅಣ್ಣಾ, ಊಟ ಆಯ್ತಾ?"

"ಎಲ್ಲಿ ಊಟ ತಾಯಿ! ಬೆಳಿಗ್ಗೆ ವೈರು ತುಂಡಾಯ್ತು, ಪ್ರೆಸ್ಸಲ್ಲಿ ರಟ್ಟೆಲ್ಲ ತಲೆಕೆಳಗಾಯ್ತು, ಮೇಷ್ಟ್ರು ಕೋಪ ಮಾಡ್ಕೊಂಡ್ರು..."

ಆ ಕಡೆ ಟೀ ಹೀರುವುದು ನಿಂತಿತು.

"ಯಾರದು?" ಎಂದಳು ಗುಬ್ಬಿ.

"ನಾನೇ! ನಿಮ್ಮಣ್ಣ!"

"ಏಯ್, ಯಾವನಯ್ಯಾ ನೀನು?" ಪುಟಾಣಿ ಗುಡುಗಿದ. "ನಮ್ಮಣ್ಣನ ಹೆಸರಲ್ಲಿ ಒಳಗೆ ಹೇಗೆ ಬಂದೆ? ನಮ್ಮಣ್ಣನಿಗೆ ಮಾತೇ ಬರಲ್ಲ! ಒಂದೂವರೆ ವರ್ಷದಲ್ಲಿ ಒಂದಕ್ಷರ ಆಡಿಲ್ಲ. ಕೇಳಿದ್ರೆ ನೊಂದ್ಕೋತಾನೆ ಅಂತ ನಾವು ಯಾವತ್ತೂ ಕೇಳೂ ಇಲ್ಲ!"

ಬೈಂಡರನಿಗೆ ತಲೆ ಗಿರ್ರೆಂದಿತು. "ಅಯ್ಯೋ, ದಿನಾ ನಾನೇ ಕಣಪ್ಪಾ ಮಾತಾಡೋದು! ಬೇಕಾದ್ರೆ ಗುರುತು ಹೇಳ್ತೀನಿ. ಗುಬ್ಬೀ, ಅತ್ತೆ ಮೇಲೆ ಸಿಟ್ಟು ಬಂದು ಅವರ ಹಲ್ಲಿನ ಸೆಟ್ಟು ಬಚ್ಚಿಟ್ಟಿದ್ದೆ ಅಂದ್ಯಲ್ಲ? ಡಾಕ್ಟ್ರೇ, ನಿಮ್ಮ ತಲೆ ಮೇಲಿರೋದು ವಿಗ್ಗು, ಹೆಂಡತಿಗೂ ಗೊತ್ತಿಲ್ಲ ಅಂದ್ರಲ್ಲ? ಪುಟಾಣೀ, ನೀನು ಲಾರಿಯಲ್ಲಿ ಕತ್ತಲೆಗೆ ಹೆದರಿ..."

ಒಂದೊಂದನ್ನೂ ಅವರು ಇವನೊಬ್ಬನಿಗೇ, ಬೇರೆ ಯಾರೂ ಇಲ್ಲದಾಗ, ಮೂಗನ ಹತ್ತಿರ ಹೇಳಿದರೆ ಹೊರಗೆ ಹೋಗದೆಂದು ಹೇಳಿಕೊಂಡಿದ್ದರು.

"ಹಲ್ಲಿನ ಸೆಟ್ಟಾ?" ಎಂದರು ಡಾಕ್ಟ್ರು.

"ವಿಗ್ಗಾ?" ಎಂದಳು ಗುಬ್ಬಿ.

"ಕದ್ದು ಕೇಳಿದಾನೆ! ಆಚೆ ಹಾಕಿ ಇವನನ್ನ!" ಎಂದ ಪುಟಾಣಿ. ಮರುಕ್ಷಣ ಬೈಂಡರನ ಬೊಂಬೆ ಕೋಟೆಯ ಬಾಗಿಲ ಹೊರಗಿತ್ತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬೈಂಡರ ಮೇಜಿನ ಮೇಲಿದ್ದ ಹಳೆಯ ಹೆಡ್‌ಸೆಟ್ಟನ್ನು ಎತ್ತಿ ದೀಪಕ್ಕೆ ಹಿಡಿದ. ಮೈಕಿನ ತುದಿಯ ಸಣ್ಣ ತೂತುಗಳಲ್ಲಿ ಗೋಂದು ಒಣಗಿ ಹಳದಿಯಾಗಿ ಕೂತಿತ್ತು. ಎರಡು ಸಲ ಬಳಿದದ್ದು, ಕಲ್ಲಿನಂತೆ ಗಟ್ಟಿ. ಮೊಣಕಾಲು ನೋವು, ಸೋರುವ ನಲ್ಲಿ, ಸೀದ ಅಡುಗೆ, ಎಲ್ಲವನ್ನೂ ಒಂದೂವರೆ ವರ್ಷ ಅವನು ಈ ನಾಲ್ಕು ಗೋಡೆಗಳಿಗೆ ಹೇಳಿದ್ದ. ಕೇಳಿಸಿಕೊಂಡದ್ದು ಹೆಡ್‌ಮೇಷ್ಟ್ರು ಒಬ್ಬರೇ. ಅವನಿಗೆ ಅಳು ಬಂತು. ಒಂಟಿ ಎಂಬುದು ಗೊತ್ತಿತ್ತು. ಇಷ್ಟು ಒಂಟಿ ಎಂಬುದು ಗೊತ್ತಿರಲಿಲ್ಲ.

ಮೂಗು ಒರೆಸಿಕೊಂಡು ಪರದೆ ನೋಡಿದ. ಪಂದ್ಯ ಇನ್ನೂ ಶುರುವಾಗಿರಲಿಲ್ಲ. ನಾಲ್ಕನೆಯ ಜಾಗ ಖಾಲಿಯೇ ಇತ್ತು. ಅವರು ಯಾರನ್ನೂ ಹಾಕಿಕೊಂಡಿರಲಿಲ್ಲ. ಕಾಯುತ್ತಿದ್ದರು. ಬೈಂಡರ ಕಿವಿಯ ಪಕ್ಕದ ಗುಂಡಿಯನ್ನು ತಡಕಿ ಒತ್ತಿದ. ಕೆಂಪು ದೀಪ ಹತ್ತಿತು. ಬೊಂಬೆಯನ್ನು ಬಾಗಿಲಿಗೆ ತಂದು ನಿಲ್ಲಿಸಿದ.

ಪುಟಾಣಿಯ ಬೊಂಬೆ ಬಂದು ಇವನ ಬೊಂಬೆಯ ಸುತ್ತ ತಿರುಗಿತು. "ಅಣ್ಣಾ? ನೀನೇನಾ? ನೀನೇ ಆದ್ರೆ ತಲೆಯಾಡ್ಸು."

ಇವನು ಕೀಲಿ ಒತ್ತಿದ.

"ಏನಾದ್ರೂ ಮಾತಾಡು ನೋಡೋಣ," ಎಂದರು ಡಾಕ್ಟ್ರು, ಅನುಮಾನದಿಂದ.

ಇವನು ತುಟಿ ಕಚ್ಚಿ ಕೂತ.

"ನೋಡಿದ್ರಾ, ನಮ್ಮಣ್ಣನೇ!" ಎಂದು ಗುಬ್ಬಿ ಚಪ್ಪಾಳೆ ತಟ್ಟಿದಳು. "ಯಾವನೋ ಬಂದಿದ್ದ ಅಣ್ಣಾ. ಯಪ್ಪಾ, ಅದೇನ್ ಬಾಯಿ! ಎರಡೇ ನಿಮಿಷಕ್ಕೆ ತಲೆ ಚಿಟ್ಟು ಹಿಡಿಸ್ಬಿಟ್ಟ. ನೀನು ಸುಮ್ನೆ ಕೂತು ನಮ್ಮ ಮಾತೆಲ್ಲ ಕೇಳ್ತೀಯಲ್ಲ, ಅದಕ್ಕೇ ಅಲ್ವಾ ನಾವು ದಿನಾ ಬರೋದು."

ಬೈಂಡರ ಅರ್ಧ ತಿಂಗಳ ಸಂಬಳದ ಮೈಕನ್ನು ಬಾಯಿಂದ ದೂರ ತಿರುಗಿಸಿಟ್ಟ.

"ಹೌದೂ, ಗಲಾಟೆಯಲ್ಲಿ ಕೇಳೋದೇ ಮರೆತೆ," ಎಂದಳು ಗುಬ್ಬಿ. "ಊಟ ಆಯ್ತಾ ಅಣ್ಣಾ?"

"ಇಲ್ಲ ತಾಯಿ," ಎಂದ ಬೈಂಡರ, ಗೋಡೆಗೆ ಕೇಳುವಷ್ಟು. ಆ ಆಟದಲ್ಲಿ ಹೂಂ ಎನ್ನುವುದಕ್ಕೆ ಕೀಲಿಯುಂಟು, ಇಲ್ಲ ಎನ್ನುವುದಕ್ಕೆ ಇಲ್ಲ. ಅವನು ಇದ್ದ ಕೀಲಿಯನ್ನೇ ಒತ್ತಿದ.

"ಸರಿ ಮತ್ತೆ," ಎಂದಳು ಗುಬ್ಬಿ.