ಗಾಳಿಯಂತ್ರದ ಬುಡದಲ್ಲಿ ಒಂದು ಹಪ್ಪಳ

ಗಾಳಿ ಬೀಸಿದರೆ ಹಿತವಾಗುತ್ತದೆ ಎನ್ನುವವರು ಜನ್ಮದಲ್ಲಿ ಒಮ್ಮೆಯೂ ಹಪ್ಪಳ ಒಣಗಿಸಿದವರಲ್ಲ ಎಂದು ನನ್ನ ಅಭಿಪ್ರಾಯ. ಹಲಸಿನ ತೊಳೆ ಬಿಡಿಸಿ, ಬೇಯಿಸಿ, ಅರೆದು, ಒಂದೊಂದನ್ನೇ ಮಣೆಯಲ್ಲಿ ಒತ್ತಿ, ಚಾಪೆಯ ಮೇಲೆ ಹರವಿ ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಎಲ್ಲಿಂದಲೋ ಒಂದು ಗಾಳಿ ಬರುತ್ತದೆ. ಆಮೇಲೆ ಹಪ್ಪಳವನ್ನು ಬೇಲಿಯಿಂದ, ದನದ ಕೊಟ್ಟಿಗೆಯಿಂದ, ಒಮ್ಮೆಯಂತೂ ಪಕ್ಕದ ಮನೆಯವರ ತುಳಸಿಕಟ್ಟೆಯಿಂದ ಆರಿಸಿ ತಂದದ್ದುಂಟು. ಹೀಗಾಗಿ ಪ್ರತಿ ಬೇಸಿಗೆಯಲ್ಲೂ ಹಪ್ಪಳಕ್ಕೆ ಕೈ ಹಾಕುವ ಮೊದಲು ಗಣಪತಿಗೆ ಒಂದು ಕಾಯಿ ಒಡೆದು, ‘ಗಾಳಿಯೊಂದು ಬಾರದಿರಲಪ್ಪ’ ಎಂದು ಕೇಳಿಕೊಳ್ಳುವುದು ನನ್ನ ಪದ್ಧತಿಯಾಗಿತ್ತು. ಅಂಥ ನಾನು ಗಾಳಿಗೆ ದುಡ್ಡು ಹಾಕಿದೆ ಎಂದರೆ ಗಣಪತಿಗೇ ನಗು ಬಂದಿರಬೇಕು. ಮಕ್ಕಳೇ, ನೀವು ಫ್ಯಾನು ತಿರುಗಲು ಬಿಟ್ಟು ಆಟಕ್ಕೆ ಓಡಿದಾಗ ನಾನು ಹಿಂದಿನಿಂದ ಬಂದು ಆರಿಸುವುದನ್ನು ನೋಡಿ ‘ಅಜ್ಜಿಗೆ ಬೇರೆ ಕೆಲಸವಿಲ್ಲ’ ಎನ್ನುತ್ತೀರಲ್ಲ, ಅದಕ್ಕೂ ಈ ಕತೆಗೂ ಸಂಬಂಧವಿದೆ.

ನಿಮ್ಮ ಅಜ್ಜ ಇರುವವರೆಗೆ ಕರೆಂಟಿನ ಬಿಲ್ಲು ಹೇಗಿರುತ್ತದೆ ಎಂದು ನಾನು ನೋಡಿದವಳಲ್ಲ. ಅವರು ಹೋದ ಮೇಲೆ ಅದು ನನ್ನ ಕೈಗೆ ಬಂತು. ಓದಲು ಬರುತ್ತಿತ್ತು; ನಮ್ಮೂರ ಶಾಲೆಯಲ್ಲಿ ಕಲಿತದ್ದು ಅಷ್ಟಕ್ಕೆ ಸಾಕು. ಆದರೆ ಓದಿದ ಮೇಲೆ ಎದೆ ಹೊಡೆದುಕೊಳ್ಳುವುದಕ್ಕೆ ಶಾಲೆಯಲ್ಲಿ ಮದ್ದು ಕಲಿಸಿರಲಿಲ್ಲ. ಬಾವಿಗೆ ಪಂಪು ಬಂದಿತ್ತು, ಹಪ್ಪಳದ ಹಿಟ್ಟಿಗೆ ಗ್ರೈಂಡರು ಬಂದಿತ್ತು. ಯಲ್ಲಾಪುರದ ಶಾಲೆಯಲ್ಲಿ ಮಾಸ್ತರಾಗಿದ್ದ ನಿಮ್ಮ ಅಪ್ಪ ಬೆಳಿಗ್ಗೆ ಹೊರಡುವ ಗಡಿಬಿಡಿಯಲ್ಲಿ ಮನೆಯ ದೀಪವನ್ನೆಲ್ಲ ಹಾಕಿಟ್ಟು ಹೋಗುತ್ತಿದ್ದ. ಮೀಟರ್ ನೋಡುವವನು ಬಂದರೆ ನಾನು ಅವನಿಗೆ ಮಜ್ಜಿಗೆ ಕೊಡುತ್ತಿದ್ದೆ. ಮಜ್ಜಿಗೆ ಕುಡಿದವನು ಸ್ವಲ್ಪ ಕಡಿಮೆ ಬರೆದಾನು ಎಂಬ ಆಸೆ. ಅವನು ಎರಡು ಲೋಟ ಕುಡಿದು ಇದ್ದಷ್ಟನ್ನೇ ಬರೆಯುತ್ತಿದ್ದ. ಬಂದ ಬಿಲ್ಲನ್ನು ದೇವರ ಪಟದ ಹಿಂದೆ ಸಿಕ್ಕಿಸಿ, ಕಟ್ಟುವ ಕೊನೆಯ ದಿನದವರೆಗೂ ಆ ದೇವರಿಗೆ ಕೈ ಮುಗಿಯಲು ಹೆದರುತ್ತಿದ್ದೆ.

ಹೀಗಿರುವಾಗ ನಮ್ಮ ಹುಲಗೋಳದ ಕಡೆಯ ಸೊಸೈಟಿಯ ಕಾರ್ಯದರ್ಶಿ ಗಣಪಣ್ಣ ಒಂದು ಹೊಸ ಮಾತು ತಂದ. ನನ್ನ ಹಪ್ಪಳ ಮಾರಾಟವಾಗುತ್ತಿದ್ದುದು ಅದೇ ಸೊಸೈಟಿಯ ಅಂಗಡಿಯಲ್ಲಿ. ಹಾಗಾಗಿ ಅವನು ಪರಿಚಿತ. ಹುಬ್ಬಳ್ಳಿಯಿಂದಾಚೆಗೆ ಬೋಳು ಗುಡ್ಡಗಳಿವೆಯಂತೆ, ಅಲ್ಲಿ ಗಾಳಿ ಬಿಟ್ಟರೆ ಬೇರೇನೂ ಬೆಳೆಯುವುದಿಲ್ಲವಂತೆ. ಸದಸ್ಯರೆಲ್ಲ ಪಾಲು ಹಾಕಿ ಅಲ್ಲೊಂದು ಗಾಳಿಯಂತ್ರ ನಿಲ್ಲಿಸುವುದು; ಅದರ ಕರೆಂಟನ್ನು ಸರ್ಕಾರದವರು ಕೊಳ್ಳುತ್ತಾರೆ; ಬಂದದ್ದರಲ್ಲಿ ನಮ್ಮ ನಮ್ಮ ಪಾಲನ್ನು ಸೊಸೈಟಿಯವರು ನಮ್ಮ ಮನೆಯ ಬಿಲ್ಲಿಗೇ ಕಟ್ಟುತ್ತಾರೆ. “ಅತ್ತಿಗೇ, ಗಾಳಿ ಪುಕ್ಕಟೆ. ಎಣ್ಣೆ ಬ್ಯಾಡ, ಕಟ್ಟಿಗೆ ಬ್ಯಾಡ. ಅಲ್ಲಿ ಫ್ಯಾನು ತಿರುಗ್ತು, ಇಲ್ಲಿ ನಿಂಗಳ ಬಿಲ್ಲು ಇಳಿತು. ಇಷ್ಟೇಯ” ಎಂದ. ಇಷ್ಟು ವರ್ಷ ನನ್ನ ಹಪ್ಪಳ ಹಾರಿಸಿದ ಗಾಳಿಯಿಂದ ಏನಾದರೂ ವಸೂಲು ಮಾಡುವ ದಾರಿ ಇದೊಂದೇ ಎಂದು ನನಗೂ ಅನ್ನಿಸಿತು. ಹಪ್ಪಳದಿಂದ ಕೂಡಿಟ್ಟದ್ದನ್ನೆಲ್ಲ ತೆಗೆದುಕೊಟ್ಟೆ.

ತೊಂದರೆ ಏನೆಂದರೆ, ಆ ಹಣ ಇಟ್ಟದ್ದು ಕಾಶಿಗೆ. ನಾನೂ ಸಿದ್ದಾಪುರದ ನಮ್ಮ ಅಕ್ಕನೂ ಜೊತೆಯಾಗಿ ಕಾಶಿಗೆ ಹೋಗುವುದೆಂದು ಎಷ್ಟೋ ವರ್ಷದಿಂದ ಮಾತಾಗಿತ್ತು. ಅಕ್ಕ ಎಂದರೆ ನಿಮ್ಮ ದೊಡ್ಡಜ್ಜಿ. ಅವಳ ದನಿ ನಿಮಗೆ ಗೊತ್ತು. ಸುದ್ದಿ ಕೇಳಿದ್ದೇ ಬಸ್ಸು ಹತ್ತಿ ಬಂದಳು. “ಕಾಶಿಗೆ ಹೋಪ ದುಡ್ಡನ್ನ ಗುಡ್ಡದ ಮೇಲಿನ ಫ್ಯಾನಿಗೆ ಹಾಕ್ದ್ಯಲೇ ಮಾರಾಯ್ತೀ! ಗಂಗೆಲಿ ಮುಳುಗಿದ್ರೆ ಪುಣ್ಯನಾದ್ರೂ ಬತ್ತಿತ್ತು” ಎಂದಳು. ಭಾವನೂ ಒಂದು ಪಾಲು ಹಾಕಿದ್ದು ಆಮೇಲೆ ತಿಳಿಯಿತು. ಅದನ್ನು ಅವಳು ಲೆಕ್ಕಕ್ಕೇ ಹಿಡಿಯಲಿಲ್ಲ. ಗಂಡಸರು ಹೀಗೆ ಮಾಡುವುದು ಇದ್ದದ್ದೇ, ತಂಗಿಗೆ ಬುದ್ಧಿ ಎಲ್ಲಿ ಹೋಗಿತ್ತು ಎಂಬುದು ಅವಳ ಪ್ರಶ್ನೆ.

ಗಾಳಿಯಂತ್ರ ನಿಂತಿತು ಎಂದು ತಿಳಿದ ಮೇಲೆ ಪೂಜೆ ಆಗದೆ ಇರುತ್ತದೆಯೇ? ನಮ್ಮವರು ಹೊಸ ಸೈಕಲ್ಲಿಗೂ ಕಾಯಿ ಒಡೆಯುವವರು. ಸದಸ್ಯರಿಗೆಲ್ಲ ಒಂದು ಬಸ್ಸು ಮಾಡಿದರು. ಬಸ್ಸೆಂದ ಮೇಲೆ ಅಕ್ಕನೂ ಬಂದಳು, ಬೈಯುತ್ತಲೇ ಕಿಟಕಿಯ ಪಕ್ಕ ಕುಳಿತಳು. ನಂದೊಳ್ಳಿಯ ಭಟ್ಟರು ಯಲ್ಲಾಪುರದಲ್ಲಿ ಹತ್ತಿದರು. ಅಲ್ಲಿಯವರಿಗೆ ಕೊಡಲು ಇರಲಿ ಎಂದು ಗಣಪಣ್ಣ ಹೇಳಿದ್ದರಿಂದ ನಾನು ಹಲಸಿನ ಹಪ್ಪಳದ ಒಂದು ಕಟ್ಟನ್ನು ಚೀಲದಲ್ಲಿ ಇಟ್ಟುಕೊಂಡಿದ್ದೆ.

ಗುಡ್ಡ ಹತ್ತಿ ನೋಡಿದರೆ ಅಲ್ಲಿ ಒಂದಲ್ಲ, ಸಾಲಾಗಿ ನಿಂತಿವೆ ಗಾಳಿಯಂತ್ರಗಳು. ಯಾವುದು ನಮ್ಮದು? ಗಣಪಣ್ಣ ಹಿಂದೊಮ್ಮೆ ಬಂದಾಗ ನಮ್ಮದು ತುಂಡು ತುಂಡಾಗಿ ನೆಲದ ಮೇಲೆ ಮಲಗಿತ್ತಂತೆ. ಎದ್ದು ನಿಂತ ಮೇಲೆ ಅವನಿಗೆ ಗುರುತು ಹತ್ತಲಿಲ್ಲ. ತೋರಿಸಬೇಕಾದ ಮೆಕ್ಯಾನಿಕ್ ಇನ್ನೂ ಬಂದಿರಲಿಲ್ಲ. ಭಟ್ಟರು ಮಾತ್ರ “ರಾಹುಕಾಲ ಬತ್ತಾ ಇದ್ದು, ಯಾವುದು ಹೇಳಿ ಬೇಗ ಹೇಳಿ” ಎಂದು ಪಂಚೆ ಬಿಗಿದರು. ಎರಡು ನಿಂತಿದ್ದವು ಹತ್ತಿರದಲ್ಲಿ. ಒಂದು ಭರ್ರನೆ ತಿರುಗುತ್ತಿತ್ತು, ಇನ್ನೊಂದು ಸುಮ್ಮನೆ ನಿಂತಿತ್ತು. ನಮ್ಮ ಜನಕ್ಕೆ ಸಂಶಯವೇ ಬರಲಿಲ್ಲ. ತಿರುಗುವುದು ನಮ್ಮದು, ತಿರುಗದೇ ಇರುವುದು ಬೇರೆಯವರದು. ತಿರುಗುವುದರ ಕಂಬಕ್ಕೆ ಮಾವಿನೆಲೆ ಕಟ್ಟಿದರು, ಅರಿಶಿನ ಕುಂಕುಮ ಬಳಿದರು, ಭಟ್ಟರು ಮಂತ್ರ ಶುರು ಮಾಡಿದರು. ಆ ಸದ್ದಿನಲ್ಲಿ ಒಂದಕ್ಷರವೂ ಕೇಳುತ್ತಿರಲಿಲ್ಲ.

ಆರತಿಯ ಹೊತ್ತಿಗೆ ನಾನು ದೂರ ಸರಿದೆ. ದೂರ ನಿಲ್ಲು ಎಂದು ಯಾರೂ ಹೇಳಿರಲಿಲ್ಲ. ನಿಮ್ಮ ಅಜ್ಜ ಹೋದ ಮೇಲೆ ಶುಭಕಾರ್ಯದ ಮುಂದೆ ನಿಲ್ಲಬಾರದೆಂದು ನನಗೆ ನಾನೇ ಮಾಡಿಕೊಂಡ ಅಭ್ಯಾಸ. ಹಾಗೆ ಸರಿಯುತ್ತ ಸರಿಯುತ್ತ ತಿರುಗದ ಯಂತ್ರದ ಬುಡಕ್ಕೆ ಬಂದೆ. ಅಷ್ಟು ದೊಡ್ಡ ಜೀವ ರೆಕ್ಕೆ ಅಲ್ಲಾಡಿಸದೆ ನಿಂತದ್ದು ನೋಡಿ ಪಾಪ ಎನ್ನಿಸಿತು. ಅದರ ಯಜಮಾನರು ಯಾರೋ, ಒಂದು ಹೂವೂ ಇಡಲಿಲ್ಲವಲ್ಲ ಎಂದು, ಭಟ್ಟರ ಬುಟ್ಟಿಯಿಂದ ಬಿದ್ದ ಸೇವಂತಿಗೆಯೊಂದನ್ನು ಇಟ್ಟು, ನೈವೇದ್ಯಕ್ಕೆ ಇರಲೆಂದು ಕಟ್ಟಿನಿಂದ ಒಂದು ಹಪ್ಪಳ ತೆಗೆದು ಇಟ್ಟೆ. ಹಪ್ಪಳ ಇಟ್ಟ ಮೇಲೆ ಹಾರದಂತೆ ಕಲ್ಲು ಹೇರುವುದು ನನ್ನ ಕೈಗೆ ತಾನಾಗಿ ಬರುವ ಕೆಲಸ. ಹೂವಿಗೂ ಹಪ್ಪಳಕ್ಕೂ ಸೇರಿಸಿ ಒಂದು ಕಲ್ಲು ಹೇರಿದೆ. ಅಷ್ಟರಲ್ಲಿ ಅಕ್ಕ ಪ್ರಸಾದಕ್ಕೆ ಕರೆಯಲು ಬಂದಳು. ಅದೇ ಹೊತ್ತಿಗೆ ಪೂಜೆ ನಡೆದ ಕಡೆಗೆ ಮೆಕ್ಯಾನಿಕ್ಕೂ ಬಂದ. ಮಾವಿನೆಲೆ ನೋಡಿ ಅವನು ತಲೆಯ ಮೇಲೆ ಕೈ ಇಟ್ಟುಕೊಂಡ. “ಇದಕ್ಯಾಕ್ರೀ ಪೂಜಿ ಮಾಡಿದ್ರಿ? ಇದು ನಿಮ್ದಲ್ರೀ, ಯಾವುದೋ ಕಂಪ್ನೀದು. ನಿಮ್ದು ಅಲ್ಲೈತಿ ನೋಡ್ರಿ, ಆ ಅಮ್ಮಾರು ಇಬ್ರು ನಿಂತಾರಲ್ಲ, ಅದು!” ಬಸ್ಸಿನ ಜನವೆಲ್ಲ ನಮ್ಮ ಕಡೆ ತಿರುಗಿ ನೋಡಿತು. ರಾಹುಕಾಲ ಶುರುವಾಗಿತ್ತು. ಭಟ್ಟರು ಮತ್ತೆ ಮಂತ್ರ ಹೇಳಲು ಒಪ್ಪಲಿಲ್ಲ. ಹಪ್ಪಳದ ಕಟ್ಟನ್ನು ಯಾರಿಗೂ ಕೊಡಲು ನೆನಪಾಗದೆ, ಎಲ್ಲರೂ ಸಪ್ಪೆ ಮುಖದಲ್ಲಿ ಬಸ್ಸು ಹತ್ತಿದೆವು.

ನಮ್ಮ ಗಾಳಿಯಂತ್ರ ತಿರುಗಲಿಲ್ಲ. ಮೊದಲು ಲೈನು ಸಿಕ್ಕಿಲ್ಲ ಎಂದರು, ಲೈನು ಸಿಕ್ಕ ಮೇಲೆ ಒಳಗಿನ ಒಂದು ಹಲ್ಲಿನ ಗಾಲಿ ಒಡೆದಿದೆ, ಬೇರೆ ಬರಬೇಕು ಎಂದರು. ಆಷಾಢದ ಗಾಳಿಯೆಲ್ಲ ಪಕ್ಕದ ಕಂಪನಿಯ ಪಾಲಾಯಿತು, ಅದೂ ನಾವು ಪೂಜೆ ಮಾಡಿಕೊಟ್ಟ ಮೇಲೆ! ನನಗೆ ಊಟ ಸೇರದಾಯಿತು. ಕಾಶಿಯೂ ಇಲ್ಲ, ಬಿಲ್ಲೂ ಇಳಿಯಲಿಲ್ಲ. ಅಷ್ಟರಲ್ಲಿ ಇನ್ನೊಂದು ಸುದ್ದಿ ಹುಟ್ಟಿತು: ಗಾಳಿಯಂತ್ರದ ಬುಡದಲ್ಲಿ ಕಲ್ಲಿನ ಅಡಿ ಏನೋ ಸಿಕ್ಕಿದೆ, ಯಾರೋ ಮಾಟ ಮಾಡಿಸಿದ್ದಾರೆ.

ಆ ಕಲ್ಲು ಹೇರಿದವಳು ನಾನೇ. ಹೋಗಿ ‘ಅದು ನಾನು’ ಎನ್ನಬಹುದಿತ್ತು. ಆದರೆ ನಾನು ನಾಲ್ಕು ಜನರ ಮುಂದೆ ಬಾಯಿ ಬಿಡಲು ಬಾರದವಳು ಎಂಬುದು ಒಂದು. ಇನ್ನೊಂದು, ಹೇಳಿದರೆ ಜನ ಏನೆಂದಾರು ಎಂದು ನನಗೆ ಗೊತ್ತಿತ್ತು. ಗಂಡ ಸತ್ತವಳು ಮೊದಲ ಹೂವು ಇಟ್ಟಳು, ಮತ್ತೆ ತಿರುಗುವುದು ಎಲ್ಲಿಂದ ಎನ್ನುತ್ತಾರೆ. ಎಲ್ಲರ ದುಡ್ಡು ನನ್ನ ಕೈಯ ದೆಸೆಯಿಂದ ಮುಳುಗಿತು ಎಂದು ಒಮ್ಮೆ ಬಾಯಿಗೆ ಬಂದರೆ ಅದು ಸಾಯುವವರೆಗೂ ಹೋಗದು.

ಶ್ರಾವಣದಲ್ಲಿ ಸೊಸೈಟಿಯ ಸಭೆ ಕರೆದರು. ನಾನು ಹೆಂಗಸರ ಸಾಲಿನ ಕೊನೆಯಲ್ಲಿ ಕಂಬದ ಮರೆಗೆ ಕುಳಿತೆ. ಅಕ್ಕ, ಭಾವನ ಪಾಲು ಏನಾಯಿತೆಂದು ಕೇಳಲು, ನನ್ನ ಪಕ್ಕದಲ್ಲೇ ಕುಳಿತಳು. ಗಣಪಣ್ಣ ಗುಡ್ಡದಿಂದ ತಂದ ಕಾಗದದ ಪೊಟ್ಟಣ ಬಿಚ್ಚಿ ಮೇಜಿನ ಮೇಲೆ ಇಟ್ಟ. ಮಳೆ ಬಿಸಿಲು ತಿಂದು, ಬೂಸ್ಟು ಹಿಡಿದು, ಮುರುಟಿಕೊಂಡ ಗುಂಡನೆಯ ವಸ್ತು. ಯಾರೂ ಮುಟ್ಟಲಿಲ್ಲ. ಭಟ್ಟರು ಕನ್ನಡಕ ಏರಿಸಿ ದೂರದಿಂದಲೇ ನೋಡಿದರು. “ಕೆಂಪು ಚುಕ್ಕೆ ಇದ್ದು, ಕಪ್ಪು ಚುಕ್ಕೆ ಇದ್ದು. ನಡುವೆ ಒಂದು ಗೆರೆ ಬೇರೆ! ಇದು ತಿಳಿದವರೇ ಮಾಡಿದ್ದು. ಶಾಂತಿ ಆಗದೇ ಫ್ಯಾನು ತಿರುಗ್ತಿಲ್ಲೆ” ಎಂದರು.

ಕೆಂಪು ಎಂದರೆ ಮೆಣಸು, ಕಪ್ಪು ಎಂದರೆ ಎಳ್ಳು. ಗೆರೆ ನನ್ನ ಒತ್ತುವ ಮಣೆಯ ಸೀಳಿನದು. ನನ್ನ ಪ್ರತಿ ಹಪ್ಪಳದ ಮೇಲೂ ಅದಿರುತ್ತದೆ. ಈ ಭೂಮಿಯ ಮೇಲೆ ಆ ಗೆರೆಯ ಗುರುತು ತಿಳಿದವಳು ನಾನು ಬಿಟ್ಟರೆ ಒಬ್ಬಳೇ. ಅಕ್ಕ ಕುತ್ತಿಗೆ ಉದ್ದ ಮಾಡಿ ಮೇಜಿನತ್ತ ನೋಡಿದಳು. ನಂತರ ನನ್ನನ್ನು ನೋಡಿದಳು. ನಾನು ಸೆರಗಿನ ತುದಿ ಅಗಿಯುತ್ತಿದ್ದೆ.

“ಆ ದಿನ ಅದರ ಬುಡದಲ್ಲಿ ಯಾರೋ ನಿಂತಿದ್ದಿದ್ದ ಅಲ್ದಾ?” ಎಂದು ಹಿಂದಿನಿಂದ ಒಬ್ಬರು ರಾಗ ಎಳೆದರು.

“ನಿಂತಿದ್ದಿ, ಆನೇ ನಿಂತಿದ್ದಿ!” ಎಂದು ತನ್ನ ಎದೆ ಮುಟ್ಟಿಕೊಂಡು ಅಕ್ಕ ಎದ್ದೇಬಿಟ್ಟಳು. “ಆನೇ ಇಟ್ಟಿದ್ದು ಅದನ್ನ. ಎಂತಾ ಆತು ಈಗ? ನಿಂಗ ಇಷ್ಟು ಜನ ಗಂಡಸರು ಸೇರಿ ಕಂಡವರ ಫ್ಯಾನಿಗೆ ಮಂಗಳಾರತಿ ಎತ್ತಿದ್ರಿ. ನಮ್ಮದಕ್ಕೆ ಒಂದು ಹಪ್ಪಳ ಆದ್ರೂ ಇಟ್ಟಿದ್ದು ಆನು. ಭಟ್ರೇ, ಹಲಸಿನ ಹಪ್ಪಳದ ಗುರುತು ಸಿಗ್ತಿಲ್ಲ್ಯ ನಿಂಗಕ್ಕೆ? ಶ್ರಾದ್ಧದೂಟದಲ್ಲಿ ಕೇಳಿ ಕೇಳಿ ಹಾಕಿಸ್ಕಳ್ತ್ರಿ!”

ಮೊದಲು ಯಾರೋ ಕಿಸಕ್ಕೆಂದರು, ಆಮೇಲೆ ಗಣಪಣ್ಣನಿಂದ ಹಿಡಿದು ಎಲ್ಲರೂ ನಕ್ಕರು. ಭಟ್ಟರು ಕನ್ನಡಕ ಒರೆಸಿ, “ನೈವೇದ್ಯ ಹೇಳಿ ಇಟ್ಟಿದ್ರೆ ದೋಷ ಇಲ್ಲೆ” ಎಂದರು. ನನ್ನ ಎದೆಯ ಮೇಲಿಂದ ಒರಳುಕಲ್ಲು ಇಳಿಸಿದ ಹಾಗಾಯಿತು. ಆ ದಿನ ಮನೆಗೆ ಬಂದು ಎಷ್ಟೋ ವಾರಗಳ ಮೇಲೆ ಹೊಟ್ಟೆ ತುಂಬ ಉಂಡೆ.

ಅದಾಗಿ ಸ್ವಲ್ಪ ದಿನಕ್ಕೆ ಹೊಸ ಗಾಲಿ ಬಂತು, ನಮ್ಮದೂ ತಿರುಗಿತು. ಮುಂದಿನ ಬೇಸಿಗೆಯ ಒಳಗೆ ನನ್ನ ಬಿಲ್ಲು ಇಳಿಯಿತು; ದೇವರ ಪಟಕ್ಕೆ ಧೈರ್ಯವಾಗಿ ಕೈ ಮುಗಿದೆ. ಗಣಪತಿಯ ಹತ್ತಿರ ಮಾತ್ರ ಬೇಡಿಕೆ ತಿದ್ದಬೇಕಾಯಿತು. ‘ಗಾಳಿ ಬರಲಪ್ಪ, ಹುಬ್ಬಳ್ಳಿಯಿಂದಾಚೆಗೆ ಬರಲಿ’ ಎಂದು ಊರಿನ ಹೆಸರು ಹಿಡಿದು ಹೇಳತೊಡಗಿದೆ. ಇನ್ನು ಊರ ಜನವೆಲ್ಲ ‘ಸಿದ್ದಾಪುರದವಳ ಕೈಗುಣ’ ಎಂದು ಅಕ್ಕನನ್ನು ಹೊಗಳಿದ್ದೇ ಹೊಗಳಿದ್ದು. ವರ್ಷದ ಪೂಜೆಗೆ ನೈವೇದ್ಯ ಹಲಸಿನ ಹಪ್ಪಳವೇ ಎಂದು ಠರಾವಾಯಿತು. ಇಡುವವಳು ಅಕ್ಕ, ಮಾಡಿಕೊಡುವವಳು ನಾನು.

ಬಿಲ್ಲಿನಲ್ಲಿ ಉಳಿದದ್ದು ಮತ್ತೆ ಕೂಡಿ, ಕೊನೆಗೂ ಇಬ್ಬರೂ ಕಾಶಿಗೆ ಹೊರಟೆವು. ರೈಲಿನಲ್ಲಿ ಎದುರು ಕುಳಿತ ಹುಬ್ಬಳ್ಳಿಯ ಹೆಂಗಸರಿಗೆ ಅಕ್ಕ ಗಾಳಿಯಂತ್ರದ ಕತೆ ಶುರು ಮಾಡಿದಳು. ಹೇಳಿ ಹೇಳಿ ಅದು ಅವಳಿಗೆ ಸ್ವಂತ ನೆನಪೇ ಆಗಿಹೋಗಿದೆ. “ಕೆಂಪು ದಾಸವಾಳ ಇಟ್ಟಿ, ಅದರ ಮೇಲೆ ಹಪ್ಪಳ ಇಟ್ಟಿ” ಎಂದಳು. ಅದು ಸೇವಂತಿಗೆ. ನಾನು ಬಾಯಿ ತೆರೆದೆ. ಅವಳ ಕಣ್ಣಲ್ಲಿ ಒಂದು ಚೂರೂ ಸಂಶಯವಿರಲಿಲ್ಲ. ಬಾಯಿ ಮುಚ್ಚಿಕೊಂಡು ಮೇಲೆ ನೋಡಿದೆ. ಯಾರೂ ಇಲ್ಲದ ಆಚೆಯ ಸೀಟಿನ ಮೇಲೆ ಒಂದು ಫ್ಯಾನು ಸುಮ್ಮನೆ ತಿರುಗುತ್ತಿತ್ತು. ಎದ್ದು ಹೋಗಿ ಅದರ ಗುಂಡಿಗೆ ಕೈ ಹಾಕಿದೆ.

“ಕೂತ್ಕ ತಂಗೀ,” ಎಂದಳು ಅಕ್ಕ, ಕತೆಯನ್ನು ಅರ್ಧಕ್ಕೆ ನಿಲ್ಲಿಸಿ, “ರೈಲಿನ ಬಿಲ್ಲು ನಿಂಗೆ ಬತ್ತಿಲ್ಲೆ.”