ಹನ್ನೆರಡು ಗ್ರಾಂ ಹೆಚ್ಚು

ಬೆಳಗಿನ ಆರು ಗಂಟೆಗೆ, ರಾತ್ರಿಪಾಳಿ ಮುಗಿಯುವ ಹೊತ್ತಿನಲ್ಲಿ, ತೂಕದಣ್ಣ ತಕ್ಕಡಿಯನ್ನು ಮೂರನೆಯ ಸಲ ಒರೆಸಿ ಮೂರನೆಯ ಸಲ ತೂಗಿದ. ಪಂಜರದ ಗಂಡು ನೂರ ಇಪ್ಪತ್ತು ಗ್ರಾಂ. ಬಂದ ದಿನ ಎಷ್ಟಿತ್ತೋ ಅಷ್ಟೇ. ಹೆಣ್ಣು ನೂರ ಹದಿನೇಳು. ಬಂದ ದಿನ ಅದು ನೂರ ಐದಿತ್ತು. ಮೂರು ಸಲ ಒರೆಸಿದರೂ ಆ ಹನ್ನೆರಡು ಗ್ರಾಂ ಅಲುಗಾಡಲಿಲ್ಲ, ಮತ್ತು ಸಂಜೆ ಆರಕ್ಕೆ ಮೇಡಂ ಬರುವವರಿದ್ದರು.

ತೂಕದಣ್ಣ ಪಾರ್ಸೆಲ್ ಆಫೀಸಿನಲ್ಲಿ ತೂಗುವ ಗುಮಾಸ್ತ. ಹನ್ನೊಂದು ವರ್ಷದಿಂದ ಅವನಿಗೆ ರಾತ್ರಿ ಎಂಟಕ್ಕೆ ಶುರುವಾಗುವ ಪಾಳಿಯೇ ಗತಿ. ಹೆಂಡತಿ ಹಗಲು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಅವನು ಒಳಗೆ ಬರುವಾಗ ಅವಳು ಹೊರಗೆ ಹೊರಡುವಳು. ಅವರಿಬ್ಬರ ದಾಂಪತ್ಯವೆಲ್ಲ ಬಾಗಿಲಲ್ಲಿ ಬೀಗದ ಕೈ ಕೊಟ್ಟು ತೆಗೆದುಕೊಳ್ಳುವುದರಲ್ಲೇ ಕಳೆದುಹೋಗುತ್ತಿತ್ತು. ಒಂದು ಸಂಜೆಯಾದರೂ ಅವಳ ಎದುರು ಕೂತು ಬಿಸಿಬಿಸಿ ಊಟ ಮಾಡಬೇಕೆಂದು ಅವನಿಗೆ ಎಷ್ಟು ಆಸೆಯಿತ್ತೆಂದರೆ, ಅದನ್ನು ಯಾರಿಗೂ ಹೇಳಿಕೊಳ್ಳಲು ನಾಚಿಕೆಯಾಗುತ್ತಿತ್ತು. ಈಗ ಹಗಲು ಕೌಂಟರಿನ ಗುಮಾಸ್ತರು ನಿವೃತ್ತರಾಗುವವರಿದ್ದರು. ಆ ಕುರ್ಚಿ ಯಾರಿಗೆಂದು ತೀರ್ಮಾನಿಸುವವರು ಆಫೀಸಿನ ಮುಖ್ಯಸ್ಥೆ, ಮೇಡಂ.

ಐದು ವಾರದ ತರಬೇತಿಗೆ ಹೊರಡುವ ಮುನ್ನ ಮೇಡಂ ಒಂದು ಪಂಜರ ತಂದು ಅವನ ಮೇಜಿನ ಮೇಲಿಟ್ಟರು. ಒಳಗೆ ಎರಡು ಶುಗರ್ ಗ್ಲೈಡರುಗಳು, ಅಳಿಲಿನಂಥ ಪ್ರಾಣಿಗಳು, ಗಂಡೊಂದು ಹೆಣ್ಣೊಂದು. ಅಂಗೈಯಲ್ಲಿ ಹಿಡಿಯುವಷ್ಟು ಗಾತ್ರ, ಬೆನ್ನಿಗೊಂದು ಕಪ್ಪು ಪಟ್ಟಿ, ಮುಖಕ್ಕಿಂತ ದೊಡ್ಡ ಕಣ್ಣು. ಕೈಗೂ ಕಾಲಿಗೂ ನಡುವೆ ತೆಳ್ಳನೆಯ ಚರ್ಮವಿದ್ದು, ಅದನ್ನು ಹರಡಿಕೊಂಡು ಎತ್ತರದಿಂದ ತೇಲಿ ಬರುತ್ತಿದ್ದವು. ಹಗಲೆಲ್ಲ ನಿದ್ದೆ, ರಾತ್ರಿಯೆಲ್ಲ ಎಚ್ಚರ. “ನಿಮ್ಮ ಥರಾನೇ,” ಎಂದರು ಮೇಡಂ. ಜೊತೆಗೆ ಅವರ ಅಜ್ಜನ ಕಾಲದ ಪುಟ್ಟ ಹಿತ್ತಾಳೆ ತಕ್ಕಡಿಯನ್ನೂ ಕೊಟ್ಟರು. ಬ್ಯಾಟರಿ ತಕ್ಕಡಿಯ ಮೇಲೆ ಅವರಿಗೆ ನಂಬಿಕೆಯಿರಲಿಲ್ಲ. ಹೋಗುವಾಗ ಒಂದೇ ಮಾತು ಹೇಳಿದರು: “ಬಂದ್ಮೇಲೆ ತೂಗಿ ನೋಡ್ತೀನಿ. ನೀವು ಹೇಗೆ ನೋಡ್ಕೊಂಡಿದೀರಿ ಅಂತ ತೂಕಾನೇ ಹೇಳುತ್ತೆ. ಆಮೇಲೆ ಹಗಲು ಕೌಂಟರ್ ವಿಷಯ ಮಾತಾಡೋಣ.”

ಬೇರೆ ಯಾರಾದರೂ ಈ ಮಾತನ್ನು ಮಾತಾಗಿ ಕೇಳುತ್ತಿದ್ದರು. ತೂಕದಣ್ಣ ಅದನ್ನು ನಿಯಮವಾಗಿ ಕೇಳಿದ. ಪಾರ್ಸೆಲ್ ಆಫೀಸಿನಲ್ಲಿ ಸ್ವೀಕರಿಸಿದಾಗಿನ ತೂಕ ಮತ್ತು ಒಪ್ಪಿಸಿದಾಗಿನ ತೂಕ ಒಂದೇ ಇರಬೇಕು. ಕಡಿಮೆಯಾದರೆ ಯಾರೋ ಕದ್ದಿದ್ದಾರೆ, ಹೆಚ್ಚಾದರೆ ಯಾರೋ ಏನನ್ನೋ ತುರುಕಿದ್ದಾರೆ. ಹನ್ನೊಂದು ವರ್ಷ ಇದನ್ನೇ ಮಾಡಿದವನಿಗೆ ಜೀವವಿರುವ ಪಾರ್ಸೆಲ್ಲಿಗೆ ಬೇರೆ ಕಾನೂನಿರಬಹುದೆಂದು ಹೊಳೆಯಲೇ ಇಲ್ಲ.

ಆಹಾರದ ಪಟ್ಟಿಯನ್ನು ಮೇಡಂ ಎರಡು ಹಾಳೆಯಲ್ಲಿ ಬರೆದುಕೊಟ್ಟಿದ್ದರು. ಅರ್ಧ ಪ್ರೋಟೀನು, ಉಳಿದರ್ಧ ಹಣ್ಣು ತರಕಾರಿ, ಮೇಲೊಂದು ಚಿಟಿಕೆ ಕ್ಯಾಲ್ಸಿಯಂ ಪುಡಿ. ಬೀಜಗಳು ಯಾವಾಗಲೋ ಒಂದು, ಸಿಹಿ ಬೇಡವೇ ಬೇಡ. ಪಟ್ಟಿಯಲ್ಲಿದ್ದ ಕೆಲವು ಹಣ್ಣುಗಳನ್ನು ತೂಕದಣ್ಣ ಜನ್ಮದಲ್ಲಿ ತಿಂದಿರಲಿಲ್ಲ. ಖರ್ಚಿಗೆಂದು ಮೇಡಂ ಕೊಟ್ಟಿದ್ದ ದುಡ್ಡಿನ ಲಕೋಟೆ ಮೊದಲ ವಾರಕ್ಕೇ ಬರಿದಾಯಿತು. ಕೇಳಲು ಸಂಕೋಚ, ಕೈಯಿಂದ ಹಾಕಲು ಸಂಬಳ ಸಾಲದು. ಆದ್ದರಿಂದ ಅವನು ತಲೆ ಓಡಿಸಿದ. ಬೇಯಿಸಿದ ಮೊಟ್ಟೆಯಲ್ಲಿ ಕಾಲುಭಾಗ ಅವಕ್ಕೆ, ಮುಕ್ಕಾಲು ತನಗೆ. ಸಿಪ್ಪೆಯನ್ನು ಕುದಿಸಿ, ಒಣಗಿಸಿ, ನುಣ್ಣಗೆ ಅರೆದರೆ ಅದೇ ಕ್ಯಾಲ್ಸಿಯಂ. ಹಣ್ಣಿನಂಗಡಿಯವನು ಮೂಲೆಗೆ ತಳ್ಳಿದ ಪಪಾಯದಲ್ಲಿ ಚೆನ್ನಾಗಿರುವ ಭಾಗ ಅವಕ್ಕೆ, ಕಪ್ಪು ಚುಕ್ಕೆಯ ಭಾಗ ತನಗೆ. ಹಳೆಯ ಬಿಸ್ಕತ್ ಡಬ್ಬಿಗೆ ಹೊಟ್ಟು ತುಂಬಿ ಅದರಲ್ಲಿ ಹಿಟ್ಟಿನ ಹುಳು ಸಾಕಿದ. ಅದರಲ್ಲಿ ಮಾತ್ರ ತನ್ನ ಪಾಲು ಬಿಟ್ಟುಕೊಟ್ಟ. ರಾತ್ರಿ ಎರಡು ಪಾರ್ಸೆಲ್ಲಿನ ನಡುವೆ ಊಟ ಬಡಿಸಿ, ಪ್ರತಿ ತುಂಡನ್ನೂ ತೂಗಿ, ಬೆಳಗ್ಗೆ ಪಂಜರ ಹೊತ್ತು ಮನೆಗೆ ಬರುತ್ತಿದ್ದ. ಹೀಗೆ ಕಡಿಮೆ ಖರ್ಚಿನಲ್ಲಿ ಸಮತೂಕದ ಊಟ ಕೊಟ್ಟವನು ಭೂಮಿಯ ಮೇಲೆ ತಾನೊಬ್ಬನೇ ಎಂದು ಒಳಗೊಳಗೇ ಬೀಗುತ್ತಲೂ ಇದ್ದ.

ತಾನು ತೂಗಿ ಹಾಕಿದ್ದರಲ್ಲಿ ತಪ್ಪಿರಲು ಸಾಧ್ಯವಿಲ್ಲ. ಹಾಗಾದರೆ ತಾನು ಹಗಲು ಮಲಗಿದ್ದಾಗ ಯಾರೋ ತುರುಕಿದ್ದಾರೆ. ಅವನು ನಿದ್ದೆಗೆಟ್ಟ ಕಣ್ಣಿನಲ್ಲಿ ಮನೆಗೆ ಬಂದು ವಿಚಾರಣೆ ಶುರುಮಾಡಿದ.

ಅಂದು ಹೆಂಡತಿಗೆ ರಜೆ. ಅವಳು ಮೊದಲು ಕೆಳಮನೆಯ ಅಜ್ಜಿಯ ಕಡೆ ಬೆರಳು ತೋರಿಸಿದಳು. ಅಜ್ಜಿ ಎದುರುಮನೆಯ ನಿವೃತ್ತ ಡ್ರಿಲ್ ಮಾಸ್ತರರ ಕಡೆ ತೋರಿಸಿದರು. ಮಾಸ್ತರರು ಇನ್ನು ಯಾರ ಕಡೆ ತೋರಿಸುವುದೆಂದು ತಿಳಿಯದೆ, ದಿನಕ್ಕೆ ನಾಲ್ಕು ಕಡಲೆಬೀಜ ಕೊಟ್ಟದ್ದು ನಿಜ, ಸ್ನಾಯು ಬರಲಿ ಎಂದು ಕೊಟ್ಟದ್ದು ಎಂದು ಒಪ್ಪಿಕೊಂಡರು. ಒಬ್ಬರು ಒಪ್ಪಿಕೊಂಡ ಮೇಲೆ ಉಳಿದವರಿಗೂ ಧೈರ್ಯ ಬಂತು. ಅಜ್ಜಿ ದ್ರಾಕ್ಷಿ ಕೊಡುತ್ತಿದ್ದರು. ಹೆಂಡತಿ ಸೆರಗಿನ ಅಂಚು ತಿರುವುತ್ತ, ಅಂಗಡಿಗೆ ಹೊರಡುವ ಮುನ್ನ ದಿನಾ ಬೆರಳತುದಿಯಲ್ಲಿ ಜೇನುತುಪ್ಪ ನೆಕ್ಕಿಸುತ್ತಿದ್ದೆನೆಂದು ಹೇಳಿದಳು.

“ಅದು ಹಾಗೆ ಕಣ್ಣು ಬಿಟ್ಕೊಂಡು ನೋಡುತ್ತೆ ರೀ. ಈ ಮನೇಲಿ ನನ್ನ ಮುಖ ಅಷ್ಟು ಹೊತ್ತು ನೋಡೋರು ಇನ್ಯಾರಿದಾರೆ?”

ಗಂಡೂ ಇದೆಲ್ಲವನ್ನೂ ತಿಂದಿರಬೇಕಲ್ಲ, ಅದೇಕೆ ದಪ್ಪವಾಗಲಿಲ್ಲ ಎಂಬ ಪ್ರಶ್ನೆ ಯಾರಿಗೂ ಬರಲಿಲ್ಲ. ಎಲ್ಲರೂ ತಪ್ಪು ಒಪ್ಪಿಕೊಂಡು ಹಗುರಾಗಿದ್ದರು, ಮತ್ತು ಹಗುರಾದವರಿಗೆ ಸಲಹೆ ಕೊಡುವ ಉತ್ಸಾಹ ಬಂದಿತ್ತು.

ಮಾಸ್ತರರ ಅಭಿಪ್ರಾಯದಲ್ಲಿ ಉಪವಾಸದಿಂದ ಪ್ರಯೋಜನವಿಲ್ಲ, ವ್ಯಾಯಾಮವೇ ಆಗಬೇಕು. ಮೂವತ್ತು ವರ್ಷ ಮಕ್ಕಳನ್ನು ಓಡಿಸಿದವರು ಅವರು. ಮನೆಗೆ ಹೋಗಿ ಸೀಟಿ ತಂದರು. ಹಗಲು ಹನ್ನೊಂದಕ್ಕೆ, ಗಾಢನಿದ್ದೆಯಲ್ಲಿದ್ದ ಹೆಣ್ಣನ್ನು ಪಂಜರದೊಳಗಿನ ಮಲಗುವ ಬಟ್ಟೆಚೀಲದಿಂದ ಎಬ್ಬಿಸಿ ಬೀರುವಿನ ಮೇಲೆ ಕೂರಿಸಲಾಯಿತು. ಅಲ್ಲಿಂದ ಅದು ತೇಲಿ ಬಂದು ತೂಕದಣ್ಣನ ಎದೆಗೆ ಅಂಟಿಕೊಳ್ಳಬೇಕು. ಅವನು ಮತ್ತೆ ಬೀರುವಿನ ಮೇಲಿಡಬೇಕು. ಹೀಗೆ ಇಪ್ಪತ್ತು ಸುತ್ತು.

ಮಾಸ್ತರರು ಸೀಟಿ ಊದಿದರು. ಹೆಣ್ಣು ತೂಕದಣ್ಣನ ಎದೆಯನ್ನು ಒಮ್ಮೆ ನೋಡಿತು, ತೆರೆದ ಕಿಟಕಿಯನ್ನು ಒಮ್ಮೆ ನೋಡಿತು, ಕೈಕಾಲು ಚಾಚಿ ಕಿಟಕಿಯನ್ನೇ ಆರಿಸಿಕೊಂಡಿತು.

ನಾಲ್ವರೂ ಮೆಟ್ಟಿಲಿಳಿದು ಓಡಿದರು. ಅಂಗಳದ ಹಗ್ಗದಲ್ಲಿ ಒಣಹಾಕಿದ್ದ ಹೊದಿಕೆಗಳನ್ನೆಲ್ಲ ಕೊಡವಿದರು. ನೀರಿನ ಪೈಪು ಬಡಿದು ನೋಡಿದರು. ತೂಕದಣ್ಣ ಅಂಗಳದಲ್ಲಿ ಮೊಣಕಾಲೂರಿ, ಹೂಕುಂಡಗಳ ಸಂದಿಯಲ್ಲಿ ಹುಡುಕುತ್ತ, ಹಗಲು ಕೌಂಟರಿನ ಕುರ್ಚಿಗೆ ಮನಸ್ಸಿನಲ್ಲೇ ಎಳ್ಳುನೀರು ಬಿಟ್ಟ. ಅವನ ಕಣ್ಣು ತುಂಬಿತ್ತು. ಹೆಂಡತಿ ಅದನ್ನು ಕಂಡೂ ಕಾಣದವಳಂತೆ ಪಕ್ಕದ ಕುಂಡ ಸರಿಸಿದಳು.

ಮೂರು ಗಂಟೆಗೆ ಅದು ಸಿಕ್ಕಿತು. ಅಜ್ಜಿಯ ಅಡುಗೆಮನೆಯ ಗೂಡಿನಲ್ಲಿ, ಮಡಿಸಿಟ್ಟ ಒರೆಸುವ ಬಟ್ಟೆಯೊಳಗೆ ಮುದುಡಿ ಮಲಗಿತ್ತು. ಪಕ್ಕದ ಬಾಳೆಹಣ್ಣು ಅರ್ಧಕ್ಕೆ ಖಾಲಿಯಾಗಿತ್ತು. ತೂಗಿದರೆ ನೂರ ಹತ್ತೊಂಬತ್ತು. ವ್ಯಾಯಾಮದಿಂದ ಎರಡು ಗ್ರಾಂ ಏರಿತ್ತು. ಮಾಸ್ತರರು ಅದು ಸ್ನಾಯುವಿನ ತೂಕವೆಂದು ಹೇಳಿ ಮನೆಗೆ ಹೋದರು.

ಐದೂವರೆಗೆ ತೂಕದಣ್ಣ ಅಡುಗೆಮನೆಯ ಬಾಗಿಲು ಹಾಕಿಕೊಂಡು, ಹನ್ನೊಂದು ವರ್ಷದಲ್ಲಿ ಮಾಡದ ಕೆಲಸ ಮಾಡಿದ. ಮೇಣದಬತ್ತಿ ಕರಗಿಸಿ, ಹದಿನಾಲ್ಕು ಗ್ರಾಂ ಮೇಣವನ್ನು ಸರಿಯಾಗಿ ತೂಗಿ ಉಂಡೆಮಾಡಿ, ತೂಕದ ಬಟ್ಟುಗಳನ್ನಿಡುವ ತಟ್ಟೆಯ ಅಡಿಗೆ ಅಂಟಿಸಲೆಂದು ಅಂಗೈಯಲ್ಲಿ ಮುಚ್ಚಿಟ್ಟುಕೊಂಡ. ಮೋಸದಲ್ಲೂ ಅವನಿಗೆ ತೂಕ ತಪ್ಪಲಿಲ್ಲ.

ಮೇಡಂ ಆರಕ್ಕೆ ಸರಿಯಾಗಿ ಬಂದರು. ನೀರು ಬೇಡವೆಂದರು, ಕೂರುವುದೂ ಬೇಡವೆಂದರು. ಗಂಡನ್ನು ತೂಗಿದರು: ನೂರ ಇಪ್ಪತ್ತು. ಅವರು ಅದನ್ನು ಹೆಗಲ ಮೇಲೆ ಬಿಟ್ಟುಕೊಳ್ಳುವಾಗ ತೂಕದಣ್ಣ ಮೇಣವನ್ನು ಬಟ್ಟಿನ ತಟ್ಟೆಯ ಅಡಿಗೆ ಒತ್ತಿದ. ಆಮೇಲೆ ಅವರು ಹೆಣ್ಣನ್ನು ತೂಗಿದರು. ತಕ್ಕಡಿಯ ಮುಳ್ಳು ನೇರ ನಿಂತಿತು. ನೂರ ಐದು. ತೂಕದಣ್ಣ ಉಸಿರು ಬಿಟ್ಟ.

ಮೇಡಂ ಬಟ್ಟುಗಳನ್ನು ಎರಡು ಸಲ ಎಣಿಸಿದರು. ಆಮೇಲೆ ಮೆಲ್ಲಗೆ ಕುರ್ಚಿಯ ಮೇಲೆ ಕೂತರು.

“ಹೋಯ್ತಾ ಹಾಗಾದ್ರೆ,” ಎಂದರು.

“ಏನು ಹೋಯ್ತು ಮೇಡಂ?”

“ಮರಿ. ನಾನು ಹೋಗೋವಾಗ್ಲೇ ಇದರ ಹೊಟ್ಟೆ ಚೀಲದಲ್ಲಿ ಅವರೆಕಾಳಿನಷ್ಟು ಮರಿ ಇದ್ವು, ಕಾಂಗರೂಗೆ ಇರುತ್ತಲ್ಲ, ಹಾಗೆ. ಹೇಳಿದ್ರೆ ನೀವು ಗಾಬರಿಯಾಗಿ ಸಿಕ್ಕಿದ್ದೆಲ್ಲ ತಿನ್ನಿಸ್ತೀರಿ ಅಂತ ಹೇಳಲಿಲ್ಲ. ಇಷ್ಟು ಹೊತ್ತಿಗೆ ಹತ್ತು ಹನ್ನೆರಡು ಗ್ರಾಂ ಏರಬೇಕಿತ್ತು. ಏರಿಲ್ಲ ಅಂದ್ರೆ ಹೊಟ್ಟೆಗೆ ಸಾಲದೆ ಮರಿ ಸತ್ತಿರಬೇಕು.” ಅವರು ಹೆಗಲ ಮೇಲಿನ ಗಂಡನ್ನು ಸವರಿದರು. “ನಿಮ್ಮನ್ನ ನಂಬಿದ್ದೆ ನಾನು.”

ಸುಮ್ಮನಿದ್ದರೆ ತೂಕದಣ್ಣ ಮರಿ ಕೊಂದವನು. ಬಾಯಿಬಿಟ್ಟರೆ ತಕ್ಕಡಿಗೆ ಮೇಣ ಮೆತ್ತಿದವನು. ಅವನು ಒಮ್ಮೆ ಹೆಂಡತಿಯ ಮುಖ ನೋಡಿದ. ಅವಳು ನೆಲ ನೋಡುತ್ತಿದ್ದಳು. ಅವನು ತಟ್ಟೆಯ ಅಡಿಗೆ ಕೈಹಾಕಿ, ಮೇಣದ ಉಂಡೆಯನ್ನು ಕಿತ್ತು ಮೇಜಿನ ಮೇಲಿಟ್ಟ.

ಮುಳ್ಳು ವಾಲಿತು. ಮೇಡಂ ಹೆಣ್ಣನ್ನು ಅಂಗೈಯಲ್ಲಿ ಮಗುಚಿ, ಬೆಳಕಿಗೆ ಹಿಡಿದರು. ಹೊಟ್ಟೆಯ ಚೀಲದಿಂದ ದಾರದ ತುಂಡಿನಂಥ ಒಂದು ಬಾಲ ಹೊರಗೆ ಚಾಚಿತ್ತು. ಪಕ್ಕದಲ್ಲಿ ಇನ್ನೊಂದು. ಮೇಡಂ ಅತ್ತರು, ಅಳುತ್ತಲೇ ನಕ್ಕರು, ಕಣ್ಣೊರೆಸಿಕೊಂಡು ಮೇಣದ ಉಂಡೆಯನ್ನು ಬಹಳ ಹೊತ್ತು ನೋಡಿದರು.

“ಇದನ್ನ ನಾನು ಯಾರಿಗೂ ಹೇಳಲ್ಲ,” ಎಂದರು ಕೊನೆಗೆ. “ಆದ್ರೆ ಹಗಲು ಕೌಂಟರಲ್ಲಿ ಜನರ ಎದುರಿಗೆ ತಕ್ಕಡಿ ಇರುತ್ತೆ. ಅಲ್ಲಿ ನಿಮ್ಮನ್ನ ಹೇಗೆ ಕೂರಿಸಲಿ ಹೇಳಿ.”

ತೂಕದಣ್ಣ ಮೇಣದ ಉಂಡೆಯನ್ನು ಎತ್ತಿ ಜೇಬಿಗೆ ಹಾಕಿಕೊಂಡ.

“ಕೂರಿಸೋ ಹಾಗಿದ್ರೂ ಈಗ ಆಗ್ತಿರ್ಲಿಲ್ಲ ಬಿಡಿ,” ಎಂದರು ಮೇಡಂ. “ ಇನ್ನೊಂದು ತಿಂಗಳಲ್ಲಿ ಮರಿ ಹೊರಗೆ ಬರ್ತವೆ. ಆಗ ರಾತ್ರಿಯೆಲ್ಲ ಎಚ್ಚರ ಇದ್ದು ತೂಗಿ ತೂಗಿ ಹಾಕೋರು ಬೇಕು. ಎರಡು ಮರಿಗೆ ಇಷ್ಟು ಮೈ ಬಂದಿದೆ ಅಂದ್ರೆ ನಿಮ್ಮ ಕೈಗುಣ ದೊಡ್ಡದು. ಪಂಜರ ನಿಮ್ಮ ಹತ್ರಾನೇ ಇರಲಿ. ಇವು ವರ್ಷಕ್ಕೆ ಎರಡು ಸಲ ಮರಿ ಹಾಕ್ತವೆ.”

ಅವರು ಗಂಡನ್ನು ಹೆಗಲಿನಿಂದ ಬಿಡಿಸಿ ಪಂಜರದೊಳಗೆ ಬಿಟ್ಟು, ಹಾಲೂಡುವ ತಾಯಿಗೆ ಏನೇನು ಕೊಡಬೇಕೆಂಬ ಹೊಸ ಪಟ್ಟಿಯನ್ನು ನಾಲ್ಕು ಹಾಳೆಯಲ್ಲಿ ಬರೆದುಕೊಟ್ಟು ಹೋದರು. ಈ ಸಲ ಲಕೋಟೆ ಕೊಡುವುದನ್ನು ಮರೆತಿದ್ದರು.

ಹೆಂಡತಿ ಒಲೆಯ ಮೇಲಿದ್ದುದನ್ನು ಇಳಿಸಿ ಎರಡು ತಟ್ಟೆ ಹಾಕಿದಳು. ಬಿಸಿಬಿಸಿಯಾಗಿ ಹಬೆಯಾಡುತ್ತಿತ್ತು. ತೂಕದಣ್ಣ ಅವಳ ಎದುರು ಕೂತ. ಅವಳು ಬಡಿಸಲು ಸೌಟು ಎತ್ತಿದಳು, ಗೋಡೆ ಗಡಿಯಾರ ನೋಡಿದಳು, ಸೌಟನ್ನು ಕೆಳಗಿಟ್ಟಳು.

“ಏಳೂವರೆ ಆಯ್ತು ರೀ,” ಎಂದಳು. “ಡಬ್ಬಿಗೆ ಹಾಕ್ಕೊಡ್ಲಾ?”